ಒಂದ್ಸಲ ನೋಡ್ಬೋದು

ನಮ್ಮ ಬ್ರಾಂಚಲ್ಲಿ ಒಬ್ರು ಕ್ಯಾಶಿಯರ್ ಇದಾರೆ, ಹೆಸರು ಬೇಡ ಬಿಡಿ. ಯಾವ ಸಿನಿಮಾಕ್ಕೆ ಹೋಗ್ಬೇಕು ಅಂದ್ರೂ ಮೊದ್ಲು ನನ್ನ ಕೇಳ್ತಾರೆ. ನಾನೇನು ಸಿನಿಮಾ ಅರೆದು ಕುಡಿದೋಳಲ್ಲ, ತಿಂಗಳಿಗೆ ಒಂದೋ ಎರಡೋ ಸಲ ಥೇಟರಿಗೆ ಹೋಗೋದು ನಮ್ಮ ಬ್ರಾಂಚಲ್ಲಿ ನಾನೊಬ್ಳೇ, ಹಂಗಾಗಿ ತಾನಾಗೇ ಸಿಕ್ಕ ಪದವಿ ಇದು. ಸ್ವಲ್ಪ ದಿನದ ಹಿಂದೆ ಒಂದು ದೊಡ್ಡ ಹೀರೋ ಸಿನಿಮಾ ಬಂತು. (ಯಾವುದು ಅಂತ ಬರೆಯಲ್ಲ, ಫ್ಯಾನ್ಸ್ ಹತ್ರ ಬೈಸ್ಕೊಳೋ ವಯಸ್ಸಲ್ಲ ನಂದು.) ನೋಡ್ಕೊಂಡು ಬಂದ ಮಾರನೇ ದಿನ ಇವ್ರು ಟೀ ಲೋಟ ಹಿಡ್ಕೊಂಡು ಬಂದು "ಹೆಂಗಿದೆ ಮೇಡಂ?" ಅಂದ್ರು. ನಾನು ಕಂಪ್ಯೂಟರಿಂದ ಕಣ್ಣೂ ತೆಗೀದೆ "ಹ್ಞೂಂ, ಒಂದ್ಸಲ ನೋಡ್ಬೋದು" ಅಂದೆ. ಅಷ್ಟೇ. ಆ ಮನುಷ್ಯ ಅದನ್ನ ನಂಬ್ಕೊಂಡು ಹೆಂಡ್ತಿ, ಇಬ್ರು ಮಕ್ಕಳು, ಊರಿಂದ ಬಂದಿದ್ದ ಮಾವ ಎಲ್ಲರನ್ನೂ ಕರ್ಕೊಂಡು ಹೋಗಿದಾರೆ, ಐದು ಟಿಕೆಟ್ಟು, ಎರಡು ಆಟೋ, ಇಂಟರ್ವಲ್ಲಲ್ಲಿ ಪಾಪ್‌ಕಾರ್ನು, ಅದಾದ್ಮೇಲೆ ಅಡುಗೆ ಮಾಡೋ ಹೊತ್ತು ಮೀರಿತ್ತು ಅಂತ ಹೋಟ್ಲಲ್ಲಿ ಊಟ.

ಸೋಮವಾರ ಬೆಳಿಗ್ಗೆ ಸೇಫ್ ತೆಗೀಬೇಕಿತ್ತು. ಬ್ಯಾಂಕಲ್ಲಿ ಕೆಲಸ ಮಾಡೋರಿಗೆ ಗೊತ್ತಿರತ್ತೆ, ಸೇಫಿಗೆ ಎರಡು ಕೀ, ಒಂದು ಕ್ಯಾಶಿಯರ್ ಹತ್ರ ಒಂದು ಆಫೀಸರ್ ಹತ್ರ (ಅಂದ್ರೆ ನನ್ನ ಹತ್ರ), ಇಬ್ರೂ ಒಟ್ಟಿಗೆ ನಿಂತ್ರೇನೇ ಬಾಗಿಲು ತೆರೆಯೋದು. ತಪ್ಪಿಸ್ಕೊಳ್ಳೋ ಹಾಗೇ ಇಲ್ಲ. ಅವ್ರು ತಮ್ಮ ಕೀ ಹಾಕಿ, ತಿರುಗಿಸದೆ ಹಾಗೇ ನಿಂತು, ತುಂಬಾ ಮರ್ಯಾದೆಯಿಂದ ಹೇಳಿದ್ರು, "ಮೇಡಂ, ಒಂದ್ಸಲ ನೋಡ್ಬೋದು ಅಂದ್ರಲ್ಲ. ಆ ಒಂದ್ಸಲ ನೀವು ನೋಡಾಗಿತ್ತಲ್ಲ, ಅಷ್ಟೇ ಸಾಕಿತ್ತು."

ನಕ್ಕೆ, ಅವ್ರೂ ನಕ್ರು, ಸೇಫೂ ತೆಗೀತು. ಆದ್ರೆ ಆ ಮಾತು ಮಾತ್ರ ಹಲ್ಲಿಗೆ ಸಿಕ್ಕಿದ ಅಡಕೆ ಚೂರಿನ ಹಾಗೆ ಉಳ್ಕೊಂಡು ಬಿಟ್ಟಿದೆ. ಯಾಕಂದ್ರೆ ಆ ಸಿನಿಮಾ ನಂಗೆ ಚೂರೂ ಇಷ್ಟ ಆಗಿರ್ಲಿಲ್ಲ. ಇಂಟರ್ವಲ್ ಆದ್ಮೇಲೆ ಎರಡು ಸಲ ಮೊಬೈಲ್ ತೆಗೆದು ಟೈಮ್ ನೋಡಿದೀನಿ, ನಾಳೆ ತಿಂಡಿಗೆ ಅಕ್ಕಿ ನೆನೆ ಹಾಕಿದೀನಾ ಅಂತ ಯೋಚನೆ ಮಾಡಿದೀನಿ. ಮತ್ತೆ ಯಾಕೆ ಹಂಗಂದೆ?

ಪಾಪ

ನಮ್ಮಲ್ಲಿ ಈ "ಒಂದ್ಸಲ ನೋಡ್ಬೋದು" ಎಷ್ಟು ಕೆಲ್ಸಕ್ಕೆ ಬರತ್ತೆ ನೋಡಿ. ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರ್ದಿದ್ರೆ ಇದು. ಕೊಟ್ಟ ದುಡ್ಡು ದಂಡ ಆಯ್ತು ಅಂತ ಒಪ್ಪಿಕೊಳ್ಳೋಕೆ ಮನಸ್ಸಿಲ್ದಿದ್ರೆ ಇದು. ಅರ್ಧ ನಿದ್ದೆ ಮಾಡಿದ್ರೂ ಇದೇ. ಮದುವೆ ಊಟ ಹೆಂಗಿತ್ತು ಅಂದ್ರೆ "ಪರ್ವಾಗಿಲ್ಲ, ಎಲ್ಲಾ ಇತ್ತು" ಅಂತೀವಲ್ಲ, ಸಾರಿಗೆ ಉಪ್ಪು ಕಮ್ಮಿ ಇತ್ತು, ಹೋಳಿಗೆ ಎರಡನೇ ಪಂಕ್ತಿಗೇ ಖಾಲಿ ಆಯ್ತು ಅನ್ನೋದೆಲ್ಲ ಆ "ಎಲ್ಲಾ ಇತ್ತು" ಒಳಗೇ ಮುಚ್ಚಿ ಹೋಗತ್ತಲ್ಲ, ಹಂಗೆ.

ಆದ್ರೆ ಯೋಚನೆ ಮಾಡಿದ್ರೆ ಈ ಮರ್ಯಾದೆ ನಾನು ಎಲ್ಲಾ ಭಾಷೆಗೂ ಕೊಡಲ್ಲ. 2024ರಲ್ಲಿ ಮಲಯಾಳಂ ಸಿನಿಮಾಗಳ ಸುಗ್ಗಿ ಆಯ್ತಲ್ಲ, ಪ್ರೇಮಲು, ಮಂಜುಮ್ಮೆಲ್ ಬಾಯ್ಸ್, ಆವೇಶಂ ಅಂತ ಒಂದರ ಹಿಂದೆ ಒಂದು. ಅದ್ರಲ್ಲಿ ಆವೇಶಂ ನಮ್ಮ ಬೆಂಗಳೂರಲ್ಲೇ ನಡೆಯೋ ಕಥೆ ಬೇರೆ. ಅವನ್ನೆಲ್ಲ ನೋಡಿ ನಾನು ಸಲೀಸಾಗಿ "ಫಸ್ಟ್ ಹಾಫ್ ಸೂಪರ್, ಆಮೇಲೆ ಎಳೀತು" ಅಂತ ಹೇಳಿದೀನಿ, ಮುಲಾಜೇ ಇಲ್ದೆ. ತೆಲುಗು ಸಿನಿಮಾ ಆದ್ರೆ ಇನ್ನೂ ಸಲೀಸು. ಕನ್ನಡ ಸಿನಿಮಾ ಅಂದ ಕೂಡ್ಲೆ ಬಾಯಿಂದ ಮೊದ್ಲು ಬರೋ ಪದ "ಪಾಪ". ಪಾಪ, ಕಷ್ಟಪಟ್ಟು ಮಾಡಿದಾರೆ. ಪಾಪ, ಅಷ್ಟು ಬಜೆಟ್ಟಲ್ಲಿ ಇಷ್ಟಾದ್ರೂ ಮಾಡಿದಾರಲ್ಲ. ಪಾಪ, ಹೊಸ ಹುಡುಗ್ರು. ಈ ಪಾಪದಲ್ಲೇ ಮೂವತ್ತು ಮಾರ್ಕ್ಸ್ ತಗೊಂಡೋನು ಪಾಸಾಗಿಬಿಡ್ತಾನೆ.

ಇದು ಎಲ್ಲಿಂದ ಬಂತು ಅಂತ ಗೊತ್ತು ನಂಗೆ. ನಮ್ಮಪ್ಪ ಗೋಕಾಕ್ ಚಳವಳಿ ಕಾಲದವ್ರು, ಕನ್ನಡ ಸಿನಿಮಾ ನೋಡೋದು ಅಂದ್ರೆ ಅವ್ರಿಗೆ ಓಟ್ ಹಾಕಿದ ಹಾಗೆ, ಚೆನ್ನಾಗಿದೆಯೋ ಇಲ್ವೋ ಆಮೇಲಿನ ಮಾತು, ಮೊದ್ಲು ಹೋಗಿ ಬರ್ಬೇಕು. "ನಾವೇ ನೋಡ್ದಿದ್ರೆ ಇನ್ಯಾರು ನೋಡ್ತಾರೆ" ಅಂತ ಅವ್ರು ಹೇಳಿದ್ದು ಕೇಳಿ ಕೇಳಿ ನನ್ನ ರಕ್ತಕ್ಕೇ ಸೇರಿದೆ. ಜೊತೆಗೆ ಈಗಿನ ಪರಿಸ್ಥಿತಿನೂ ಹಂಗೇ ಇದೆಯಲ್ಲ. ಕೆಜಿಎಫ್ 2, 777 ಚಾರ್ಲಿ, ಕಾಂತಾರ ಎಲ್ಲಾ ಒಂದೇ ವರ್ಷ 2022ರಲ್ಲಿ ಬಂದಾಗ ನಾವೂ ಕಾಲರ್ ಎತ್ಕೊಂಡು ಓಡಾಡಿದ್ವಿ, ಆಮೇಲೆ ಏನಾಯ್ತೋ, 2025ರ ಮೊದಲ ಆರು ತಿಂಗಳು ಥೇಟರ್ ಮುಂದೆ ಹೋದ್ರೆ ಗೇಟ್ ತೆಗೆದಿದಾರೋ ಇಲ್ವೋ ಅಂತ ಇಣುಕಿ ನೋಡೋ ಹಾಗಿತ್ತು. ಅಂಥ ಟೈಮಲ್ಲಿ ಚೆನ್ನಾಗಿಲ್ಲ ಅಂತ ಹೇಳೋದು, ಐಸಿಯುನಲ್ಲಿ ಇರೋರನ್ನ ನೋಡೋಕೆ ಹೋಗಿ "ಏನ್ರೀ ಇಷ್ಟು ಇಳಿದು ಹೋಗಿದೀರಾ" ಅಂದ ಹಾಗಾಗತ್ತೆ ಅಂತ ಅನ್ಸತ್ತೆ.

(ಸಿನಿಮಾದವ್ರೇ ನಮ್ಮನ್ನ ಬೈದ್ರೂ ಕೂತ್ಕೊಂಡು ನೋಡೋರು ನಾವು. 2024ರ ಡಿಸೆಂಬರಲ್ಲಿ ಉಪೇಂದ್ರ ಅವ್ರ ಯುಐ ಬಂದಾಗ ಶುರುವಲ್ಲೇ ಬುದ್ಧಿವಂತರಾಗಿದ್ರೆ ಎದ್ದು ಹೋಗಿ ಅಂತ ಹಾಕಿದ್ರು. ಟಿಕೆಟ್ ದುಡ್ಡು ವಾಪಸ್ ಕೊಡ್ತೀವಿ ಅಂತ ಮಾತ್ರ ಹಾಕಿರ್ಲಿಲ್ಲ, ಹಂಗಾಗಿ ದಡ್ಡಿಯಾಗೇ ಕೂತೆ. ಅರ್ಧ ಅರ್ಥ ಆಯ್ತು. ಆದ್ರೆ ಮನೇಲಿ ನಾವು ಮೂರು ದಿನ ಅದರ ಬಗ್ಗೆ ಜಗಳ ಆಡಿದ್ವಿ, ಇತ್ತೀಚೆಗೆ ಯಾವ ಸಿನಿಮಾಕ್ಕೂ ಅಷ್ಟು ಜಗಳ ಆಗಿಲ್ಲ.)

ಆರು ಜನ ಆಗ್ಬೇಕು

2025ರ ಏಪ್ರಿಲಲ್ಲಿ ಅಜ್ಞಾತವಾಸಿ ಬಂತು. ಗುಳ್ಟೂ ಮಾಡಿದ್ದ ಜನಾರ್ದನ್ ಚಿಕ್ಕಣ್ಣ ಅವ್ರ ಸಿನಿಮಾ, ಮಲೆನಾಡಿನ ಕಥೆ, ರಂಗಾಯಣ ರಘು ಇನ್‌ಸ್ಪೆಕ್ಟರ್. ನಾವು ತೀರ್ಥಹಳ್ಳಿ ಕಡೆಯವ್ರು, ಈಗ ಶಿವಮೊಗ್ಗದಲ್ಲಿರೋದು. ಮಲೆನಾಡು ಅಂತ ಕೇಳಿದ ತಕ್ಷಣ ನಮ್ಮತ್ತೆ "ಎಲ್ಲಿ ಶೂಟಿಂಗ್ ಮಾಡಿದಾರೆ ನೋಡನ" ಅಂತ ಹೊರಟುಬಿಟ್ರು. ನಮ್ಮತ್ತೆಗೆ ಕಥೆ ಮುಖ್ಯ ಅಲ್ಲ, ಜಾಗ ಮುಖ್ಯ, ಮನೆ ಮುಖ್ಯ, ಅಡುಗೆಮನೆ ಎಲ್ಲಕ್ಕಿಂತ ಮುಖ್ಯ. ಆದ್ರೆ ಇವತ್ತು ನಾಳೆ ಅಂತ ನಾನೇ ಮುಂದೆ ಹಾಕಿ ಹಾಕಿ ಕೊನೆಗೆ ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜ ಇದ್ದ ದಿನ ಮ್ಯಾಟಿನಿಗೆ ಹೋದ್ವಿ. ಅಷ್ಟರಲ್ಲಿ ಎರಡು ವಾರ ಕಳೆದು ದಿನಕ್ಕೆ ಒಂದೇ ಶೋ ಆಗಿತ್ತು.

ಕೌಂಟರಲ್ಲಿದ್ದ ಹುಡುಗ ಟಿಕೆಟ್ ಹರಿಯೋ ಮೊದ್ಲೇ ಹೇಳಿದ, "ಮೇಡಂ, ಆರು ಜನ ಆದ್ರೆ ಹಾಕ್ತೀವಿ. ಇಲ್ಲಾಂದ್ರೆ ದುಡ್ಡು ವಾಪಸ್." ಆಗ ಅಲ್ಲಿ ನಾವಿಬ್ರು, ಜೊತೆಗೆ ಇಬ್ರು ಕಾಲೇಜ್ ಹುಡುಗ್ರು. ನಾಲ್ಕಾಯ್ತು. ಹೊರಗಡೆ ಏಪ್ರಿಲ್ ಬಿಸಿಲು ಅಂದ್ರೆ ಕೇಳ್ಬೇಡಿ, ನಾವು ನಾಲ್ಕು ಜನ ಪೋಸ್ಟರ್ ನೆರಳಲ್ಲಿ ಸಾಲಾಗಿ ನಿಂತು ರೋಡ್ ಕಡೆ ನೋಡ್ತಿದೀವಿ, ಬಸ್ ಕಾಯೋರ ಹಾಗೆ. ಯಾವುದೇ ಬೈಕ್ ಸ್ಲೋ ಆದ್ರೂ ಆ ಹುಡುಗ್ರು "ಬಂದ, ಬಂದ" ಅನ್ನೋದು, ಅದು ಪಕ್ಕದ ಜ್ಯೂಸ್ ಅಂಗಡಿಗೆ ತಿರುಗೋದು. ನಮ್ಮತ್ತೆ "ಅಲ್ಲ ಮಾರಾಯ್ತಿ, ಸತ್ಯನಾರಾಯಣ ಕಥೆಗೆ ಜನ ಕರೆದ ಹಾಗೆ ದಾರೀಲಿ ಹೋಗೋರನ್ನ ಕರೀಲಾ?" ಅಂದ್ರು. ಶೋ ಟೈಮ್ ಆಗಿ ಹತ್ತು ನಿಮಿಷ ಆಯ್ತು. ಆಮೇಲೆ ಒಬ್ರು ಬಂದ್ರು, ಐವತ್ತೈದರ ಮೇಲಿನವ್ರು, ಅಂಗಿ ಜೇಬಲ್ಲಿ ಎರಡು ಪೆನ್ನು, ಕೈಯಲ್ಲಿ ಹೆಲ್ಮೆಟ್ಟು. ಐದು.

ಕೌಂಟರ್ ಹುಡುಗ ಅವ್ರಿಗೂ ಅದೇ ಆರು ಜನದ ಮಾತು ಹೇಳಿದ. ಅವ್ರು ಹಿಂದೆ ತಿರುಗಿ ನಮ್ಮನ್ನೆಲ್ಲ ಒಂದು ಸಲ ಎಣಿಸಿದ್ರು. ಆಮೇಲೆ ಜೇಬಿಂದ ದುಡ್ಡು ತೆಗೆದು "ಎರಡು ಕೊಡಪ್ಪ" ಅಂದ್ರು. ಹುಡುಗ "ಇನ್ನೊಬ್ರು ಎಲ್ಲಿ ಸಾರ್?" ಅಂದ.

"ಹೆಲ್ಮೆಟ್ಟಿಗೆ."

ಅಷ್ಟೇ ಹೇಳಿ ಒಳಗೆ ಹೋದ್ರು. ನಿಜವಾಗ್ಲೂ ಪಕ್ಕದ ಸೀಟಲ್ಲಿ ಹೆಲ್ಮೆಟ್ ಇಟ್ಕೊಂಡು ಕೂತ್ರು, ಅದರ ಮುಖ ಪರದೆ ಕಡೆಗೇ ಮಾಡಿ. ಹುಡುಗ್ರು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ, ಆದ್ರೆ ಲೈಟ್ ಆಫ್ ಆದ್ಮೇಲೆ ಒಳಗೊಳಗೇ ಚುಚ್ಚೋಕೆ ಶುರು ಆಯ್ತು. ಅಲ್ಲ, ನಾನು ಅರ್ಧ ಗಂಟೆ ಬಿಸಿಲಲ್ಲಿ ನಿಂತು ಪಾಪ ಕನ್ನಡ ಸಿನಿಮಾ, ಪಾಪ ಒಳ್ಳೆ ಸಿನಿಮಾಕ್ಕೆ ಜನ ಇಲ್ಲ ಅಂತ ಅತ್ತೆ ಹತ್ರ ಭಾಷಣ ಮಾಡ್ತಾ ಇದ್ನಲ್ಲ, ಪರ್ಸಲ್ಲಿ ದುಡ್ಡೂ ಇತ್ತಲ್ಲ, ಇನ್ನೊಂದೆರಡು ಟಿಕೆಟ್ ತಗೊಳ್ಳೋಣ ಅಂತ ನಂಗೆ ಯಾಕೆ ಹೊಳೀಲಿಲ್ಲ? ಒಂದು ಕಾಫಿ ಡೇ ಕಾಫಿ ದುಡ್ಡಿನ ವಿಷಯ. ಪಾಪ ಅನ್ನೋಕೆ ಖರ್ಚಿಲ್ಲ, ಹಂಗಾಗಿ ಅದು ಧಾರಾಳವಾಗಿ ಬರತ್ತೆ.

ಸಿನಿಮಾ ಹೇಳ್ತೀನಿ. ನಿಧಾನ. ಇಲ್ಲ ಅಂತ ಸುಳ್ಳು ಹೇಳಲ್ಲ, ನಡುವೆ ಒಂದು ಕಡೆ ನಂಗೂ ಸ್ವಲ್ಪ ತೂಕಡಿಕೆ ಬಂತು, ಕೊಲೆ ಯಾರು ಮಾಡಿದ್ದು ಅನ್ನೋದಕ್ಕಿಂತ ಯಾಕೆ ಎಲ್ರೂ ಇಷ್ಟು ಮೆಲ್ಲಗೆ ಮಾತಾಡ್ತಾರೆ ಅನ್ನೋದೇ ಪ್ರಶ್ನೆ ಆಗಿತ್ತು. ಆದ್ರೆ ರಂಗಾಯಣ ರಘು ಅವ್ರನ್ನ ನೋಡಿ ಸ್ವಾಮಿ. ಎಷ್ಟು ವರ್ಷ ಆ ಮನುಷ್ಯನ ಹತ್ರ ಕಾಮಿಡಿ ಅಂತ ಕಿರುಚಿಸಿದ್ರು, ಹೀರೋ ಪಕ್ಕದಲ್ಲಿ ಕಣ್ಣು ಗುಡ್ಡೆ ತಿರುಗಿಸೋಕೆ ಹಚ್ಚಿದ್ರು. ಇಲ್ಲಿ ಸುಮ್ನೆ ನಿಂತಿರ್ತಾರೆ. ವರ್ಷಗಟ್ಟಲೆ ಕೇಸೇ ಇಲ್ಲದ ಠಾಣೆ, ಅಲ್ಲಿಗೊಂದು ಸಾವಿನ ಸುದ್ದಿ ಬರತ್ತೆ, ಆ ಮುಖದಲ್ಲಿ ಏನೋ ಒಂದು ಆಗತ್ತೆ, ಏನು ಅಂತ ಹೇಳೋಕೆ ಬರಲ್ಲ. ಕಥೆ ತೊಂಬತ್ತರ ದಶಕದ್ದು, ಊರಿಗೆ ಮೊದಲ ಕಂಪ್ಯೂಟರ್ ಬರೋದು ಅದ್ರಲ್ಲೊಂದು ಎಳೆ. ಅದು ಬಂದಾಗ ನಮ್ಮತ್ತೆ ಕತ್ತಲಲ್ಲೇ ನನ್ನ ಕೈ ಹಿಡ್ಕೊಂಡು, ನಮ್ಮೂರ ಸೊಸೈಟಿಗೆ ಕಂಪ್ಯೂಟರ್ ಬಂದಾಗ ಪೂಜೆ ಮಾಡಿ ಕುಂಕುಮ ಹಚ್ಚಿದ್ದು, ಆ ಕುಂಕುಮ ಕೀ ಸಂದಿಗೆ ಇಳಿದು "ಮ" ಅಕ್ಷರ ಬೀಳದೆ ಆರು ತಿಂಗಳು ಎಲ್ಲಾ ಮಂಜುನಾಥಗಳೂ ಅಂಜುನಾಥ ಆಗಿದ್ದು, ಪೂರ್ತಿ ಕಥೆ ಹೇಳಿದ್ರು. ಆರೇ ಸೀಟಿನ ಥೇಟರು, ಅದ್ರಲ್ಲೂ ಒಂದು ಹೆಲ್ಮೆಟ್ಟು, ಶ್ ಅನ್ನೋರು ಯಾರೂ ಇರ್ಲಿಲ್ಲ. ಕಾಲೇಜ್ ಹುಡುಗ್ರು ಕಥೆ ಕೇಳೋಕೆ ಮುಂದೆ ಬಗ್ಗಿದ್ರು.

ಹೊರಗೆ ಬಂದಾಗ ಅತ್ತೆ ಹೇಳಿದ್ದು, "ಮನೆ ಸರಿ ಇತ್ತು. ಮಾತು ಸ್ವಲ್ಪ ಬೆಂಗಳೂರು ಬೆಂಗಳೂರು. ಆ ಇನ್‌ಸ್ಪೆಕ್ಟರಿಗೆ ಯಾರಾದ್ರೂ ಒಂದು ಲೋಟ ಕಷಾಯ ಮಾಡಿ ಕೊಡ್ಬೇಕಿತ್ತು ಅನ್ನಿಸ್ತು." ನಂಗೆ ಗೊತ್ತಿರೋ ಹಾಗೆ ಆ ಸಿನಿಮಾಕ್ಕೆ ಬಂದ ಅತ್ಯುತ್ತಮ ವಿಮರ್ಶೆ ಇದೇ. ಒಂದ್ಸಲ ನೋಡ್ಬೋದು ಅಂತ ಅವ್ರು ಯಾವತ್ತೂ ಹೇಳಲ್ಲ. ಅವ್ರಿಗೆ ಏನು ಕಂಡಿದೆಯೋ ಅದನ್ನ ಹೇಳ್ತಾರೆ.

ಇನ್ನೊಂದು ಮರ್ಯಾದೆಗೆಟ್ಟ ವಿಷಯ ಇಲ್ಲೇ ಒಪ್ಕೊಂಡು ಬಿಡ್ತೀನಿ. ಅದಕ್ಕೂ ಒಂದು ವರ್ಷ ಮುಂಚೆ, 2024ರ ಫೆಬ್ರವರಿಯಲ್ಲಿ ಶಾಖಾಹಾರಿ ಬಂದಿತ್ತು. ಅದ್ರಲ್ಲೂ ರಂಗಾಯಣ ರಘು, ನಮ್ಮ ಸೀಮೆಯದೇ ಕಥೆ, ಸಣ್ಣ ಹೋಟ್ಲು ನಡೆಸೋ ಸುಬ್ಬಣ್ಣ, ಪೊಲೀಸ್ ಪಾತ್ರಕ್ಕೆ ಗೋಪಾಲಕೃಷ್ಣ ದೇಶಪಾಂಡೆ. ನಾನು ಥೇಟರಿಗೆ ಹೋಗ್ಲಿಲ್ಲ. ಮಾರ್ಚ್ ಕ್ಲೋಸಿಂಗ್ ಹತ್ರ ಇತ್ತು ಅನ್ನೋದು ನೆಪ. ಪ್ರೈಮಿಗೆ ಬಂದ್ಮೇಲೆ ಮೊಬೈಲಲ್ಲಿ ನೋಡಿದ್ದು, ಕುಕ್ಕರ್ ಸೀಟಿ ಎಣಿಸ್ತಾ, ಮೂರು ರಾತ್ರಿ ಸೇರಿ. ಮುಗಿದ್ಮೇಲೆ ಸ್ಟೇಟಸ್ಸಿಗೆ "ಕನ್ನಡದಲ್ಲಿ ಇಂಥ ಸಿನಿಮಾ ಬರ್ಬೇಕು" ಅಂತ ಹಾಕಿದೆ. ಬಂದಿತ್ತಲ್ಲ, ಹೋಗಿ ನೋಡ್ಲಿಲ್ಲ ನಾನು. ಅದೇ ತಿಂಗಳು ಒಂದು ದೊಡ್ಡ ಕಟೌಟ್ ಸಿನಿಮಾಕ್ಕೆ ಮನೆ ಮಂದಿಯೆಲ್ಲ ಹೋಗಿ ಬಂದು ಪಾಪ, ಒಂದ್ಸಲ ನೋಡ್ಬೋದು ಅಂತ ಊರಿಗೆಲ್ಲ ಸರ್ಟಿಫಿಕೇಟ್ ಕೊಟ್ಟಿದ್ದೆ. ಗ್ರೇಸ್ ಮಾರ್ಕ್ಸ್ ಹಂಚಿದ್ದೆಲ್ಲ ಬರೆಯದೇ ಬಂದೋರಿಗೆ, ನೆಟ್ಟಗೆ ಬರೆದೋರ ಪೇಪರ್ ಬಂಡಲ್ ಬಿಚ್ಚಲೇ ಇಲ್ಲ.

ಬಾವ ಬಂದ್ರು

ಸು ಫ್ರಮ್ ಸೋ ಬಗ್ಗೆ ಇಷ್ಟು ಹೊತ್ತಿಗೆ ಎಲ್ರೂ ಎಲ್ಲಾ ಬರೆದಾಗಿದೆ, ಹಂಗಾಗಿ ಕಥೆ ಹೇಳೋ ತ್ರಾಸು ನಂಗಿಲ್ಲ. 2025ರ ಜುಲೈ 25ಕ್ಕೆ ರಿಲೀಸ್ ಆಯ್ತು. ಅದಕ್ಕಿಂತ ಮೊದ್ಲೇ ಪೇಯ್ಡ್ ಪ್ರೀಮಿಯರ್ ಅಂತ ಊರೂರಲ್ಲಿ ತೋರಿಸಿದ್ರು. ಹೀರೋ ಇಲ್ಲ, ನಿರ್ದೇಶನ ಮಾಡಿರೋ ಜೆ.ಪಿ. ತೂಮಿನಾಡು ಅವ್ರೇ ಅಶೋಕ, ಪ್ರೊಡ್ಯೂಸರ್ ರಾಜ್ ಬಿ ಶೆಟ್ಟಿ ಗುರೂಜಿ ಆಗಿ ಆಮೇಲೆ ಬರ್ತಾರೆ. ಶುಕ್ರವಾರ ಸಂಜೆ ನಮ್ಮ ಬ್ರಾಂಚಿನ ಮಂಗಳೂರು ಕಡೆಯ ಹುಡುಗಿ ಒಬ್ಳು ಫೋನ್ ಮಾಡಿ "ಮೇಡಂ ನೀವು ಹೋಗ್ಲೇಬೇಕು" ಅಂದ್ಳು. ನಾನು ಅಭ್ಯಾಸಬಲದಿಂದ "ಪಾಪ, ಹೊಸಬರಾ?" ಅಂದೆ. "ಪಾಪ ಎಂತದ್ದೂ ಇಲ್ಲ ಮೇಡಂ, ಟಿಕೆಟ್ ಸಿಕ್ಕಿದ್ರೆ ನಿಮ್ಮ ಪುಣ್ಯ" ಅಂತ ಫೋನ್ ಇಟ್ಳು.

ಭಾನುವಾರ ಹೋದ್ವಿ. ಥೇಟರ್ ಮುಂದೆ ಪಾರ್ಕಿಂಗ್ ತುಂಬಿ ರೋಡಿಗೆ ಬಂದಿದೆ. ಎಷ್ಟು ವರ್ಷ ಆಗಿತ್ತೋ ಹೌಸ್‌ಫುಲ್ ಬೋರ್ಡ್ ನೋಡಿ, ಅದೂ ಧೂಳು ಹೊಡೆದು ಹಾಕಿದ್ರು, ಒರೆಸಿದ ಗುರುತು ಕಾಣ್ತಿತ್ತು. ನಮ್ಮದು ಮಗಳು ಮೊಬೈಲಲ್ಲಿ ಬುಕ್ ಮಾಡಿದ್ಳು, ಬಚಾವ್. ಗೇಟ್ ಹತ್ರ ಬಂದಾಗ ಎದುರಿಗೆ ಯಾರು ಅಂತೀರಾ, ಹೆಲ್ಮೆಟ್ ಸಾರು! ಅದೇ ಎರಡು ಪೆನ್ನು, ಅದೇ ಹೆಲ್ಮೆಟ್ಟು. ಕೌಂಟರಿಂದ ವಾಪಸ್ ಬರ್ತಾ ಇದ್ರು. ನಮ್ಮತ್ತೆ ಗುರುತು ಹಿಡಿದು "ಸಿಕ್ತಾ ಟಿಕೆಟ್ಟು?" ಅಂದ್ರು. "ನಂಗೂ ಇಲ್ಲ, ಇದಕ್ಕೂ ಇಲ್ಲ" ಅಂತ ಹೆಲ್ಮೆಟ್ ಎತ್ತಿ ತೋರಿಸಿದ್ರು. ಮುಖದ ತುಂಬ ನಗು. ಟಿಕೆಟ್ ಸಿಗದೆ ಅಷ್ಟು ಖುಷಿಯಾಗಿ ಮನೆಗೆ ಹೋದ ಮನುಷ್ಯನ್ನ ನಾನು ಇನ್ನೊಬ್ರನ್ನ ನೋಡಿಲ್ಲ. ಸ್ಕೂಟರ್ ಸ್ಟಾರ್ಟ್ ಮಾಡೋ ಮೊದ್ಲು ಮತ್ತೊಂದು ಸಲ ತಿರುಗಿ ಆ ಕ್ಯೂ ನೋಡಿದ್ರು.

ಒಳಗೆ ನಡೆದಿದ್ದನ್ನ ಹೆಂಗೆ ಹೇಳೋದು. ನಮ್ಮ ಸಾಲಲ್ಲಿ ಒಬ್ಬ ಅಜ್ಜ ನಕ್ಕು ನಕ್ಕು ಕೆಮ್ಮು ಹತ್ತಿ, ಮೊಮ್ಮಗ ನೀರು ಕುಡಿಸಿ, ನೀರು ಕುಡಿಯೋವಾಗ ಪರದೆ ಮೇಲೆ ಇನ್ನೇನೋ ಆಗಿ, ಆ ನೀರೆಲ್ಲ ಮುಂದಿನ ಸೀಟಿನವನ ಬೆನ್ನಿಗೆ. ಅವ್ನು ತಿರುಗಿ ನೋಡಿ, ಅವ್ನೂ ನಗ್ತಾ ಇದ್ದ. ಡೈಲಾಗ್ ಅರ್ಧ ಕೇಳಿಸ್ಲಿಲ್ಲ, ಯಾಕಂದ್ರೆ ಹಿಂದಿನ ಡೈಲಾಗಿನ ನಗು ಇನ್ನೂ ಮುಗಿದಿರ್ಲಿಲ್ಲ. ಶನೀಲ್ ಗೌತಮ್ ಮಾಡಿರೋ ರವಿಯಣ್ಣ ನಮ್ಮೂರಲ್ಲೂ ಒಬ್ಬ ಇದಾನೆ ಸ್ವಾಮಿ, ಸಾವಿಗೂ ಅವ್ನೇ ಮದುವೆಗೂ ಅವ್ನೇ, ಶಾಮಿಯಾನದವನ ಹತ್ರ ಚೌಕಾಸಿಗೂ ಅವ್ನೇ, ಅವ್ನ ಮನೇಲಿ ಮಾತ್ರ ದೀಪ ಹಚ್ಚೋರಿಲ್ಲ. ಅದಕ್ಕೇ ಎಲ್ರಿಗೂ ಹಿಡಿಸ್ತು ಅಂತ ನಂಗನ್ಸತ್ತೆ. ಕರಾವಳಿ ಮಾತು, ಕರಾವಳಿ ಊರು, ಆದ್ರೆ ಆ ಊರಿನ ಒಬ್ಬೊಬ್ರೂ ನಮ್ಮೂರಲ್ಲೂ ಇದಾರೆ.

ತಕರಾರು ಇಲ್ವಾ ಅಂದ್ರೆ ಇದೆ. ಅದು ಗಂಡಸರ ಊರು. ಹೆಂಗಸರು ಹಿನ್ನೆಲೆಯಲ್ಲಿ ತಟ್ಟೆ ಹಿಡ್ಕೊಂಡು ಓಡಾಡ್ತಾರೆ ಅಷ್ಟೇ, ಸಂಧ್ಯಾ ಅರಕೆರೆ ಮಾಡಿರೋ ಭಾನು ಬರೋವರೆಗೂ ಒಬ್ಬ ಹೆಂಗಸಿಗೂ ನೆಟ್ಟಗೆ ಎರಡು ಮಾತಿಲ್ಲ. ಸತ್ತ ಒಂದು ಹೆಣ್ಣಿನ ದೆವ್ವ ಅಶೋಕನ ಮೈಮೇಲೆ ಬಂದಿದೆ ಅಂತ ಊರೆಲ್ಲ ಕುಣಿಯತ್ತೆ, ಆ ಊರಿನ ಹೆಣ್ಣುಮಕ್ಕಳು ಏನಂದ್ಕೊಂಡ್ರು ಅಂತ ಯಾರೂ ಕೇಳಲ್ಲ. ಭಾನು ಬಂದ್ಮೇಲೆ ಕಥೆ ಗಂಭೀರ ಆಗತ್ತೆ, ಅಲ್ಲಿ ಸ್ವಲ್ಪ ಅವಸರ ಮಾಡಿದ್ರು ಅನ್ನಿಸ್ತು. ಇದನ್ನ ಮಾರನೇ ದಿನ ಬ್ರಾಂಚಲ್ಲಿ ಹೇಳಿದೆ. ಹೇಳಿದ್ಮೇಲೆ ಗಮನಿಸಿದ್ದು, ಎಷ್ಟೋ ವರ್ಷದ ಮೇಲೆ ಒಂದು ಕನ್ನಡ ಸಿನಿಮಾದ ತಪ್ಪನ್ನ ಹೆದರಿಕೆ ಇಲ್ದೆ ಹೇಳಿದೆ. ಗಟ್ಟಿಮುಟ್ಟಾಗಿರೋರ ಹತ್ರ ಮಾತ್ರ ಜಗಳ ಆಡೋಕೆ ಮನಸ್ಸು ಬರತ್ತೆ. ನೂರು ಕೋಟಿ ದಾಟಿದ ಸಿನಿಮಾಕ್ಕೆ ನನ್ನ ಪಾಪ ಯಾಕೆ ಬೇಕು?

ಆಗಸ್ಟಲ್ಲಿ ಗಣಪತಿ ಹಬ್ಬಕ್ಕೆ ನಮ್ಮ ನಾದಿನಿ ಮನೆಯವ್ರು ಬಂದ್ರು. ಗೇಟ್ ಸದ್ದಾಗಿದ್ದೇ ತಡ ಮನೇಲಿದ್ದ ಮಕ್ಕಳೆಲ್ಲ ಸಾಲಾಗಿ ನಿಂತು, ಆ ಸಿನಿಮಾದ ಕುಡುಕ ಬಾವ ಬರೋವಾಗಿನ "ಬಂದರೋ ಬಂದರೋ ಬಾವ ಬಂದರೋ" ರಾಗ ಎಳೆದ್ವು. ನಾದಿನಿ ಗಂಡ ಸ್ವಲ್ಪ ಬಿಗಿ ಮನುಷ್ಯ, ಸಿನಿಮಾ ಬೇರೆ ನೋಡಿಲ್ಲ, ಹಬ್ಬದ ಮನೆ ಬಾಗಿಲಲ್ಲಿ ಕೈಯಲ್ಲಿ ಬಾಳೆಗೊನೆ ಹಿಡ್ಕೊಂಡು ಇದು ಗೌರವವೋ ಗೇಲಿಯೋ ಅಂತ ಗೊತ್ತಾಗದೆ ನಿಂತುಬಿಟ್ರು. ರಾತ್ರಿ ಎಲ್ರೂ ಮಲಗಿದ್ಮೇಲೆ ನಮ್ಮನೆಯವ್ರನ್ನ ಮೆಲ್ಲಗೆ ಕೇಳಿದ್ರಂತೆ, "ನಾನು ಅಷ್ಟು ಕುಡೀತೀನಿ ಅಂತ ಯಾರು ಹೇಳಿದ್ದು?"

ಚೌಡಿಗೆ ಇಷ್ಟು ಸೌಂಡ್ ಇಲ್ಲ

ಕಾಂತಾರ ಚಾಪ್ಟರ್ 1 ನೋಡಿದ್ದು ಬೆಂಗಳೂರಲ್ಲಿ, ದಸರಾ ರಜಕ್ಕೆ ತಂಗಿ ಮನೆಗೆ ಹೋಗಿದ್ದಾಗ. 2025ರ ಅಕ್ಟೋಬರ್ 2ಕ್ಕೆ ರಿಲೀಸು, ನಾವು ಹೋಗಿದ್ದು 4ಕ್ಕೆ, ಮಾಲ್ ಒಳಗಿನ ಮಲ್ಟಿಪ್ಲೆಕ್ಸು. ಐದು ಟಿಕೆಟ್ಟಿಗೆ ಮೂರೂವರೆ ಸಾವಿರ ಚಿಲ್ಲರೆ. ಇದರ ಹಿಂದಿನ ಕಥೆ ನಿಮಗೂ ಗೊತ್ತು, ರಾಜ್ಯ ಬಜೆಟ್ಟಲ್ಲಿ ಹೇಳಿದ್ರು, ಸೆಪ್ಟೆಂಬರಲ್ಲಿ ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂತ ಸರ್ಕಾರ ಆದೇಶಾನೂ ಮಾಡ್ತು, ಅದೇ ತಿಂಗಳು ಹೈಕೋರ್ಟು ತಡೆ ಕೊಡ್ತು, ಅಷ್ಟರಲ್ಲಿ ಕಾಂತಾರ ಬಂತು. ಇನ್ನೊಂದು ತಮಾಷೆ ನೋಡಿ, 200 ರೂಪಾಯಿ ಅಂತ ಬಜೆಟ್ಟಲ್ಲಿ ಓದಿದ 2025ರ ಮಾರ್ಚ್ 7ನೇ ತಾರೀಕೇ ಮಿಥ್ಯ ಅಂತ ಒಂದು ಸಿನಿಮಾ ರಿಲೀಸ್ ಆಗಿದ್ದು. ಅಪ್ಪ ಅಮ್ಮ ಇಲ್ಲದ ಹುಡುಗನ ಕಥೆ, ಸುಮಂತ್ ಭಟ್ ಮಾಡಿದ್ದು, ಸು ಫ್ರಮ್ ಸೋನಲ್ಲಿ ನಗಿಸಿದ ಪ್ರಕಾಶ್ ತೂಮಿನಾಡು ಅದ್ರಲ್ಲಿ ಹುಡುಗನ ಕಡೆಯ ದೊಡ್ಡವರಾಗಿ ಗಂಭೀರ ಪಾತ್ರ ಮಾಡಿದಾರೆ. ಹೋಗ್ಬೇಕು ಅನ್ನೋಷ್ಟರಲ್ಲಿ ನಮ್ಮೂರಿಂದ ಅದು ಹೋಗಿ ಆಗಿತ್ತು. ಟಿಕೆಟ್ ಇನ್ನೂರಾದ್ರೇನು ಐವತ್ತಾದ್ರೇನು, ಶೋನೇ ಇಲ್ದಿದ್ರೆ?

ಕಾಂತಾರಕ್ಕೆ ಬರ್ತೀನಿ. ದೊಡ್ಡ ಸಿನಿಮಾ, ದೊಡ್ಡದಾಗೇ ಮಾಡಿದಾರೆ. ಆ ರಥ ಓಡೋ ಸೀನ್ ಬಂದಾಗ ನಾನು ಕುರ್ಚಿ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ದೆ, ಕೈ ಬಿಟ್ಟಾಗ ನೋಡಿದ್ರೆ ಅದು ಪಕ್ಕದವ್ರ ಕೈ. ರಿಷಬ್ ಶೆಟ್ರು ಮೈಮೇಲೆ ಬಂದ ಹಾಗೆ ಮಾಡ್ತಾರೆ ಅನ್ನೋದು ಹೊಸ ಮಾತಲ್ಲ. ರುಕ್ಮಿಣಿ ವಸಂತ್ ಅವ್ರ ಕನಕವತಿ ನಂಗೆ ಅದಕ್ಕಿಂತ ಹಿಡಿಸ್ತು, ಸಪ್ತ ಸಾಗರದಾಚೆ ಎಲ್ಲೋದಲ್ಲಿ ಕಣ್ಣಲ್ಲೇ ಅಳಿಸಿದ ಹುಡುಗಿ ಇಲ್ಲಿ ಅದೇ ಕಣ್ಣಲ್ಲಿ ಹೆದರಿಸ್ತಾಳೆ. ಆದ್ರೆ ಎರಡೂಮುಕ್ಕಾಲು ಗಂಟೆಯಲ್ಲಿ ಒಂದು ಕಡೆಯೂ ಉಸಿರು ಬಿಡೋಕೆ ಬಿಡಲ್ಲ. 2022ರ ಕಾಂತಾರದಲ್ಲಿ ಶಿವ ಹಂದಿ ಬೇಟೆ ಆಡ್ಕೊಂಡು, ಬೈಸ್ಕೊಂಡು, ಸೋಮಾರಿಯಾಗಿ ಬಿದ್ದಿರ್ತಿದ್ದನಲ್ಲ, ಆ ಸೋಮಾರಿತನ ಇದ್ದಿದ್ದಕ್ಕೇ ಕೊನೆಯ ಕೂಗು ಮೈ ಜುಂ ಅನ್ಸಿದ್ದು. ಇಲ್ಲಿ ಮೊದ್ಲಿಂದ ಕೊನೆವರೆಗೂ ಕೂಗೇ.

ನಮ್ಮತ್ತೆ ಕೈ ಮುಗಿಯೋ ಜಾಗದಲ್ಲಿ ಕೈ ಮುಗಿದ್ರು. ಆಚೆ ಬಂದ್ಮೇಲೆ ಎಸ್ಕಲೇಟರ್ ಹತ್ರ (ಅವ್ರಿಗೆ ಅದು ಹತ್ತೋಕೆ ಹೆದರಿಕೆ, ಸೀರೆ ಸಿಕ್ಕತ್ತೆ ಅಂತ) ನಿಂತು ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸ್ತಾ, "ನಮ್ಮ ತೋಟದ ಚೌಡಿಗೆ ಇಷ್ಟು ಸೌಂಡ್ ಇಲ್ಲ ಮಾರಾಯ್ತಿ" ಅಂದ್ರು. ವರ್ಷಕ್ಕೊಂದು ಸಲ ತೋಟದ ಮೂಲೇಲಿ ಆ ಕಲ್ಲಿಗೆ ಪೂಜೆ ಮಾಡ್ತೀವಿ, ಗಂಟೆನೂ ಮೆಲ್ಲಗೆ ಹೊಡೀತಾರೆ, ಮಕ್ಕಳು ಜೋರಾಗಿ ಮಾತಾಡಿದ್ರೆ ಬೈತಾರೆ. ಅವ್ರಿಗೆ ಭಯ ಭಕ್ತಿ ಅಂದ್ರೆ ಸದ್ದಿಲ್ದೆ ಇರೋದು. ಸಿನಿಮಾ ನೋಡಿ ಕೆಲವ್ರು ದೈವದ ವೇಷ ಹಾಕ್ಕೊಂಡು ಥೇಟರಿಗೇ ಬಂದ್ರು, ಹಂಗೆಲ್ಲ ಮಾಡ್ಬೇಡಿ ಅಂತ ಕೊನೆಗೆ ಸಿನಿಮಾ ತಂಡದವ್ರೇ ಕೇಳ್ಕೊಂಡ್ರು. ಅದನ್ನ ಪೇಪರಲ್ಲಿ ಓದಿ ಹೇಳಿದಾಗ ಅತ್ತೆ ಏನೂ ಅನ್ಲಿಲ್ಲ, ಅಡಕೆ ಕತ್ತರಿಸ್ತಾ ಇದ್ದೋರು ಒಂದು ಸಲ ತಲೆ ಅಲ್ಲಾಡಿಸಿದ್ರು.

ಅಕ್ಟೋಬರ್ 31ಕ್ಕೆ ಅದೇ ಸಿನಿಮಾ ಪ್ರೈಮಲ್ಲಿ ಬಂತು. ತಿಂಗಳು ತುಂಬಿರ್ಲಿಲ್ಲ. ಪಕ್ಕದ ಮನೆಯವ್ರು ಹಾಲ್‌ನಲ್ಲಿ ಚಾಪೆ ಹಾಸಿ, ಮಂಡಕ್ಕಿ ಕಲಸ್ಕೊಂಡು ನೋಡಿ, ಕಾಂಪೌಂಡ್ ಮೇಲಿಂದ "ನೀವ್ಯಾಕೆ ಅಷ್ಟು ದುಡ್ಡು ಕೊಟ್ರಿ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅಲ್ಲಿ ರಥ ಬಂದಾಗ ನೀವು ಯಾರ ಕೈ ಹಿಡ್ಕೊಂಡ್ರಿ ಅಂತ ಕೇಳ್ಬೇಕಿತ್ತು, ಹೊಳೀಲಿಲ್ಲ.

ಮತ್ತೆ ಎರಡು ಕೀ

ಡಿಸೆಂಬರ್ 25ಕ್ಕೆ ಸುದೀಪ್ ಅವ್ರ ಮಾರ್ಕ್, ಶಿವಣ್ಣ, ಉಪ್ಪಿ, ರಾಜ್ ಬಿ ಶೆಟ್ಟಿ ಇರೋ 45 ಎರಡೂ ಒಂದೇ ದಿನ ಬಂದ್ವು. ವರ್ಷವಿಡೀ ಗೇಟ್ ಹಾಕಿಟ್ಟು ಕ್ರಿಸ್‌ಮಸ್ಸಿಗೆ ಇಬ್ರೂ ಒಂದೇ ಬಾಗಿಲಲ್ಲಿ ನುಗ್ಗೋದು ಯಾವ ಲೆಕ್ಕಾಚಾರವೋ ಸಿನಿಮಾದವ್ರಿಗೇ ಗೊತ್ತು. ನಾನು 45ಕ್ಕೆ ಹೋದೆ, ಅರ್ಜುನ್ ಜನ್ಯ ಮೊದಲ ಸಲ ಡೈರೆಕ್ಷನ್ ಮಾಡಿರೋದು ಅಂತ ಕುತೂಹಲ. ಈ ಸಲ ಮಾತ್ರ ಹೋಗೋ ಮೊದ್ಲೇ ತೀರ್ಮಾನ ಮಾಡಿದ್ದೆ, ಕ್ಯಾಶಿಯರ್ ಕೇಳಿಯೇ ಕೇಳ್ತಾರೆ, ಪಾಪ ಅನ್ಬಾರ್ದು, ಒಂದ್ಸಲ ನೋಡ್ಬೋದು ಅನ್ಬಾರ್ದು, ನಮ್ಮತ್ತೆ ಹಾಗೆ ಕಂಡಿದ್ದನ್ನ ಕಂಡ ಹಾಗೆ ಹೇಳ್ಬೇಕು ಅಂತ. ಇಂಟರ್ವಲ್ಲಲ್ಲಿ ಮೊಬೈಲಲ್ಲಿ ಪಾಯಿಂಟ್ ಬೇರೆ ಬರ್ಕೊಂಡೆ.

ಸೋಮವಾರ ಬೆಳಿಗ್ಗೆ ಸೇಫ್ ಮುಂದೆ ನಿಂತ್ವಿ. ಅವ್ರು ಕೀ ಹಾಕ್ತಾ "ಹೋಗಿದ್ರಂತೆ?" ಅಂದ್ರು. ನಾನು ಶುರು ಮಾಡಿದೆ. ರಾಜ್ ಬಿ ಶೆಟ್ಟಿ ಮುಖದಲ್ಲಿ ಭಯ ಎಷ್ಟು ಚೆನ್ನಾಗಿ ಬರತ್ತೆ ಅಂದೆ, ಮಾಮೂಲಿ ಮನುಷ್ಯನ ಭಯ ಅದು, ಹೀರೋ ಭಯ ಅಲ್ಲ ಅಂದೆ, ಶಿವಣ್ಣ ಬಂದಾಗ ಥೇಟರ್ ಹೆಂಗಾಯ್ತು ಅಂದೆ, ಆದ್ರೆ ಗ್ರಾಫಿಕ್ಸ್ ಜಾಸ್ತಿ ಆಗಿ ನಡುವೆ ಕಥೆ ಎಲ್ಲಿ ಕಳೆದುಹೋಯ್ತು ಅಂತ ಹುಡುಕ್ಬೇಕಾಯ್ತು, ಸಾವಿನ ಬಗ್ಗೆ ಹೇಳೋಕೆ ಹೊರಟಿದ್ದು ಒಳ್ಳೆ ವಿಚಾರ, ಮ್ಯೂಸಿಕ್ ಡೈರೆಕ್ಟರ್ ಆದ್ರಿಂದಲೋ ಏನೋ ಸುಮ್ನಿರೋ ಜಾಗ ಒಂದೂ ಬಿಟ್ಟಿಲ್ಲ, ಮಾವನವ್ರಿಗೆ ಹಿಡಿಸ್ಬೋದು, ಸಣ್ಣ ಮಗುಗೆ ಹೆದರಿಕೆ ಆಗ್ಬೋದು, ನೀವು ಮೊದಲರ್ಧ ತಾಳ್ಮೆ ಇಟ್ಕೊಳೋದಾದ್ರೆ...

ಅಷ್ಟರಲ್ಲಿ ಹೊರಗೆ ಕೌಂಟರ್ ಮುಂದೆ ಜನ ಸೇರಿದ್ರು, ಯಾರೋ ಪಾಸ್‌ಬುಕ್ಕಲ್ಲಿ ಗಾಜು ಕುಟ್ತಿದ್ರು. ಅವ್ರು ಕೀ ಹಿಡ್ಕೊಂಡೇ ನನ್ನ ಮುಖ ನೋಡಿದ್ರು.

"ಅಷ್ಟೆಲ್ಲ ಬೇಡ ಮೇಡಂ. ನೋಡ್ಬೋದಾ, ಬೇಡ್ವಾ, ಅಷ್ಟು ಹೇಳಿಬಿಡಿ."